ತಟ್ಟಿ ನೋಡುವುದು

ಅಬ್ಬಾನ ನೌಕರಿಯೆಂದರೆ ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ಗಾಲಿ ತಟ್ಟುವುದಾಗಿತ್ತು.
ಉದ್ದ ಹಿಡಿಕೆಯ ಸುತ್ತಿಗೆ, ಬಗಲಲ್ಲಿ ಟಾರ್ಚು.
ಗಾಡಿ ನಿಂತ ಹದಿನೈದು ನಿಮಿಷದಲ್ಲಿ
ಒಂದೊಂದು ಗಾಲಿಗೂ ಒಂದೊಂದು ಏಟು:
ಠಣ್, ಠಣ್, ಠಣ್,
ಎಲ್ಲೋ ಒಂದು ಠಪ್.
ಬಿರುಕು ಅವನ ಕಣ್ಣಿಗೆ ಎಂದೂ ಕಂಡದ್ದಿಲ್ಲ.
ಆ ಠಪ್ಪಿನ ಮೇಲೆ ಸೀಮೆಸುಣ್ಣದ ಗೀಟು ಎಳೆದು
ಇಡೀ ಮೇಲ್ ಗಾಡಿಯನ್ನೇ ನಿಲ್ಲಿಸಿದವನು
ದಸ್ತಗೀರಸಾಬ ಕುಸುಗಲ್.

ನಾನು ಧಾರವಾಡದ ಗುಡ್ಡದ ಮೇಲೆ,
ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ
ಕಾಣದ್ದನ್ನು ತಟ್ಟುತ್ತೇನೆ.
ನನ್ನ ಸುತ್ತಿಗೆ ಕ್ಷ-ಕಿರಣ.
ಸೂಜಿಯಂಥ ಕಿರಣ ಗಾಜಿನ ನಳಿಗೆ ಹಾದು
ಬಹುಪಾಲು ನೆಟ್ಟಗೆ ಹೋಗುತ್ತದೆ,
ಎದುರಿಗಿಟ್ಟ ಸೀಸದ ಬಿಲ್ಲೆ ಅದನ್ನು ನುಂಗುತ್ತದೆ.
ನನಗೆ ಬೇಕಾದದ್ದು ದಾರಿ ತಪ್ಪಿದ್ದು,
ಬಿಲ್ಲೆಯ ಅಂಚಿಗೆ ಕೂದಲೆಳೆ ಹೊರಳಿ ಬಿದ್ದದ್ದು.
ಎಷ್ಟು ಹೊರಳಿತು, ಎಷ್ಟು ಬಿತ್ತು,
ಅಷ್ಟರಿಂದಲೇ ಹೇಳಬೇಕು:
ನೀರೊಳಗಿನ ಪ್ರೋಟೀನು ಮುದುಡಿದೆಯೋ,
ಮೈ ಸಡಿಲಿಸಿದೆಯೋ,
ಪಕ್ಕದ್ದರ ಹೆಗಲಿಗೆ ಆತುಕೊಂಡಿದೆಯೋ.

ಮೊದಲು ಬರೀ ನೀರಿಗೆ ಕಿರಣ.
ಆಮೇಲೆ ಪ್ರೋಟೀನು ಬೆರೆತ ನೀರಿಗೆ.
ಇದರಲ್ಲಿ ಅದನ್ನು ಕಳೆದರೆ ಉಳಿಯುವ ಗೆರೆ
ಬಲು ತೆಳುವು.
"ಹೌದಲಾ," ಅಂದ ಅಬ್ಬಾ,
"ನಾವೂ ಮೊದಲು ಚಲೋ ಗಾಲೀನ ಬಡೀತಿದ್ವಿ."

ಪ್ರೋಟೀನು ಬರುವುದು ಹಳೇ ಹುಬ್ಬಳ್ಳಿಯ ಮೌಲಾಲಿಯ ಅಂಗಡಿಯಿಂದ.
ಆಡಿನ ಕಣ್ಣು, ಡಜನ್ ಲೆಕ್ಕದಲ್ಲಿ,
ಮಂಜುಗಡ್ಡೆಯ ಡಬ್ಬಿಯಲ್ಲಿ,
ಚಿಗರಿ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ.
ಬಾಜೂಕಿನ ಅಕ್ಕ ಕೇಳಿದರೆ "ಐಸ್‌ಕ್ರೀಮ್ ರೀ" ಅನ್ನುತ್ತೇನೆ.
ಮಸೂರ ಗೋಲಿಗುಂಡದಷ್ಟು, ತಿಳಿ.
ಅದರ ನಟ್ಟನಡುವಿನ ಪ್ರೋಟೀನು ತಾಯಿಯ ಬಸಿರಲ್ಲೇ ಕಟ್ಟಿದ್ದು.
ಚರ್ಮ ಹೋಗಿ ಚರ್ಮ ಬರುತ್ತದೆ, ರಕ್ತ ಹೋಗಿ ರಕ್ತ,
ಇದಕ್ಕೆ ಮಾತ್ರ ಬದಲಿ ಇಲ್ಲ.

ಅಬ್ಬಾನದಕ್ಕೆ ಈಗ ಅರವತ್ತೆಂಟು ವರ್ಷ.
ಸಿಗ್ನಲ್ಲಿನ ಸುತ್ತ ಹತ್ತಿ ಹಿಂಜಿದಂತೆ ಕಾಣುತ್ತದಂತೆ.
"ದೀಪಕ್ಕ ಗಡ್ಡ ಬಂದೈತಿ," ಅನ್ನುತ್ತಾನೆ.
ನಾನು ನಳಿಗೆಯಲ್ಲಿ ಹುಡುಕುತ್ತಿರುವುದು
ಅವನ ಕಣ್ಣಲ್ಲಿ ಪುಕ್ಕಟೆ ನಡೆದಿದೆ.

ಮಾರ್ಚಿನಲ್ಲಿ ಗೆರೆ ಬಾಗಿತು.
ನೇರಳಾತೀತ ದೀಪದಡಿ ಇಟ್ಟ ಮಾದರಿಯಲ್ಲಿ,
ಬಿಲ್ಲೆಯ ಅಂಚಿಗೆ, ತುಸುವೇ ಮೇಲಕ್ಕೆ.
ಹದಿನೇಳಿದ್ದ ತ್ರಿಜ್ಯ ಹದಿನೆಂಟಾಯಿತು,
ಮಿಲಿಮೀಟರಲ್ಲ, ಮಿಲಿಮೀಟರಿನ ಕೋಟಿಯ ಪಾಲಲ್ಲಿ.
ಮೂರು ಸಲ ತಟ್ಟಿದೆ. ಮೂರು ಸಲವೂ ಅದೇ.
ಮಾಮಲೇದೇಸಾಯಿ ಸರ್ ಕುರ್ಚಿಯಿಂದೆದ್ದು ಬಂದು ನೋಡಿದರು.
ಬರೆಯಲು ಕೂತೆ.

ಊಟದ ಡಬ್ಬಿ ಮರೆತಿದ್ದೆನೆಂದು ಅಬ್ಬಾ ಬಂದ.
ಪರದೆಯ ಗೆರೆಯತ್ತ ನೋಡಲೇ ಇಲ್ಲ.
ತಲೆ ವಾರೆ ಮಾಡಿ ನಿಂತ,
ಮೂಲೆಯ ನಿರ್ವಾತ ಪಂಪಿನ ಮೈಮೇಲೆ ಅಂಗೈ ಇಟ್ಟ.
"ಇದರ ಬೇರಿಂಗ್ ಹೋಗೈತಿ ನೋಡ ಬೇಟಾ.
ಯಾವಾಗಿಂದ ಹಿಂಗ ಅಳಾಕತ್ತೈತಿ?"

ಫೆಬ್ರುವರಿಯಿಂದ.

ಬಿಚ್ಚಿದೆವು. ಕೊಳವೆಯೊಳಗೆ ಗಾಳಿ ಉಳಿದಿತ್ತು.
ಗಾಳಿಯೂ ಕಿರಣವನ್ನು ಚದುರಿಸುತ್ತದೆ,
ನನ್ನ ಗೆರೆಯ ಬಾಗಿನಲ್ಲಿ ಅದರದ್ದೂ ಪಾಲಿತ್ತು.
ಹೊಸ ಬೇರಿಂಗ್ ಬರಲು ಹನ್ನೊಂದು ದಿನ.
ಮತ್ತೆ ನೀರು, ಮತ್ತೆ ಕಣ್ಣು, ಮತ್ತೆ ಕಳೆಯುವ ಲೆಕ್ಕ.
ಅರ್ಧ ಹೋಯಿತು.
ಅರ್ಧ ಉಳಿಯಿತು.
ಉಳಿದ ಅರ್ಧವನ್ನು ನಾನು ನಂಬಿದ್ದೇನೆ,
ಸರ್ ಇನ್ನೂ ನಂಬಿಲ್ಲ.

ಮುಂದಿನ ಮಂಗಳವಾರ ಅಬ್ಬಾನ ಎಡಗಣ್ಣಿನ ಆಪರೇಶನ್.
ತೆಗೆದ ಮಸೂರ ನನಗೆ ಕೊಡುತ್ತೀರಾ ಎಂದು
ನಾಚಿಕೆ ಬಿಟ್ಟು ಕೇಳಿದೆ.
ಡಾಕ್ಟರು ನಕ್ಕರು: "ಎಲ್ಲಿ ಸಿಗ್ತದರೀ,
ಒಳಗ ಶಬ್ದದಿಂದ ಪುಡಿ ಮಾಡಿ ಹೀರತೀವಿ."
ಅಲ್ಲಿತನಕ ಸುಮ್ಮನೆ ಕೂತಿದ್ದ ಅಬ್ಬಾ ಮುಂದಕ್ಕೆ ಬಾಗಿದ.
"ಶಬ್ದ ಅಂದ್ರ? ಎಂಥಾ ಶಬ್ದರೀ?"
"ಕಿವಿಗೆ ಕೇಳೂದಿಲ್ಲ ಅಜ್ಜಾರ, ಅಷ್ಟು ಮ್ಯಾಲಿನ ಸ್ವರ ಅದು."

ಕ್ಯಾಂಟೀನು ಮುಟ್ಟುವ ತನಕ ಅಬ್ಬಾ ಮಾತಾಡಲಿಲ್ಲ.
ಚಹಾದ ಗ್ಲಾಸಿಗೆ ಉಗುರಿನಿಂದ ಒಮ್ಮೆ ತಟ್ಟಿದ,
ಕಿವಿಯ ಹತ್ತಿರ ತಂದು ಆಲಿಸಿದ,
ಬೇರೆ ಗ್ಲಾಸು ಕೇಳಿದ.